ಚಿಗಟ ಮಾಹಾತ್ಮ್ಯ

1665ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯ’ ಎಂಬ ಗ್ರಂಥದಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು, ಸೂಕ್ಷ್ಮದರ್ಶಕದಲ್ಲಿ ತಾನು ಕಂಡ ಚಿಗಟದ ಚಿತ್ರವನ್ನು, ಮಡಿಕೆ ಬಿಚ್ಚಿ ನೋಡಬೇಕಾದಷ್ಟು ದೊಡ್ಡದಾಗಿ ಅಚ್ಚುಹಾಕಿಸಿ, ಅದರ ಬಲವನ್ನೂ ಕಪ್ಪು ಕವಚದ ನುಣುಪನ್ನೂ ಮನಸಾರೆ ಕೊಂಡಾಡಿದ್ದಾನೆ. ಆ ಮಹಾಶಯನು ನಮ್ಮ ಮನೆಯ ಕಾಳನ ಪಕ್ಕದಲ್ಲಿ ಒಂದಿರುಳು ಮಲಗಿದ್ದ ಪಕ್ಷದಲ್ಲಿ ಈ ಸ್ತುತಿಪಾಠದ ಸ್ವರ ಕೊಂಚ ಇಳಿಯುತ್ತಿತ್ತೆಂದೇ ನನ್ನ ನಂಬಿಕೆ.

ಕಾಳನು ಜಾತಿನಾಯಿಯಲ್ಲ, ಬೀದಿಯಿಂದ ಬಂದು ಜಗಲಿಯನ್ನು ಸ್ವಾಧೀನಪಡಿಸಿಕೊಂಡವನು. ಒಂದು ಮಳೆಗಾಲದಲ್ಲಿ ಅವನ ಬಾಲದ ಬುಡದ ರೋಮವೆಲ್ಲ ಉದುರಿ, ಚರ್ಮ ಕೆಂಪಗೆ ಹುಣ್ಣಾಗಿ, ರಾತ್ರಿಯೆಲ್ಲ ಅವನು ಕೆರೆದುಕೊಳ್ಳುವಾಗ ಹಿಂಗಾಲು ನೆಲಕ್ಕೆ ಬಡಿಯುವ ಸದ್ದು, ಯಾರೋ ಅವಲಕ್ಕಿ ಕುಟ್ಟುತ್ತಿರುವಂತೆ ಕೇಳಿಸುತ್ತಿತ್ತು. ನಮ್ಮ ಅಜ್ಜಿ ಬೇವಿನ ಸೊಪ್ಪು ಕುದಿಸಿದ ನೀರನ್ನು ಹೊಯ್ದು, ಹೊಂಗೆಎಣ್ಣೆ ಸವರಿದರು. ನೆರೆಮನೆಯ ರಾಯರು ಬೆಳ್ಳುಳ್ಳಿ ತಿನ್ನಿಸಿರೆಂದರು. ದನದ ಡಾಕ್ಟರು ಈ ಕೊನೆಯ ಸಲಹೆಯನ್ನು ಕೇಳಿದೊಡನೆ, ಬೆಳ್ಳುಳ್ಳಿಯೂ ಈರುಳ್ಳಿಯೂ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆಂದು ಗದರಿ, ಅಜ್ಜಿಯಿಂದ ಸೀರಣಿಗೆಯನ್ನು ಕೇಳಿ ಪಡೆದು, ಕಾಳನ ಬೆನ್ನನ್ನು ಬಾಚಿ, ಉದುರಿದ ಕರಿಯ ಪುಡಿಯನ್ನು ಒದ್ದೆಮಾಡಿದ ಬಿಳಿಯ ಕಾಗದದ ಮೇಲೆ ಹರಡಿದರು. ಕ್ಷಣಮಾತ್ರದಲ್ಲಿ ಕಾಗದ ಕೆಂಪಾಯಿತು: ಅದು ಮಣ್ಣಲ್ಲ, ಚಿಗಟದ ಮಲ, ಎಂದರೆ ಕಾಳನದೇ ಒಣಗಿದ ರಕ್ತ.

“ಸ್ವಾಮಿ, ಇವನ ಮೈಮೇಲೆ ನಿಮಗೆ ಕಾಣುವುದು ಅಲ್ಪಭಾಗ. ಮಿಕ್ಕದ್ದೆಲ್ಲ ನಿಮ್ಮ ಮನೆಯಲ್ಲಿದೆ” ಎಂದರು ಡಾಕ್ಟರು. ಚಿಗಟದ ಮೊಟ್ಟೆಗಳು ರೋಮದಿಂದ ಜಾರಿ ಗೋಣಿತಾಟಿನಲ್ಲೂ ನೆಲದ ಬಿರುಕಿನಲ್ಲೂ ಬೀಳುತ್ತವೆ. ಅಲ್ಲಿ ಹುಳುವಾಗಿ, ಗೂಡು ಕಟ್ಟಿ, ತಿಂಗಳುಗಟ್ಟಲೆ ತಪಸ್ಸಿಗೆ ಕುಳಿತು, ಹೆಜ್ಜೆಯ ಅದುರಾಟವನ್ನೋ ಮೈಯ ಶಾಖವನ್ನೋ ಉಸಿರನ್ನೋ ಗುರುತಿಸಿದೊಡನೆ ಹೊರಬೀಳುತ್ತವೆ. ಚಿಗಟದ ಜೊಲ್ಲು ಒಗ್ಗದ ನಾಯಿಗಾದರೋ ಒಂದೆರಡು ಕಡಿತವೇ ದಿನಗಟ್ಟಲೆ ತುರಿಸಲು ಸಾಕು.

ಇದೇ ಕುಲದ ಇನ್ನೊಂದು ಜೀವಿ, ಇಲಿಯ ಚಿಗಟ, ನಮ್ಮ ನಾಡಿನ ಚರಿತ್ರೆಯನ್ನೇ ಕದಲಿಸಿತು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದು ಜನ ಊರು ಬಿಟ್ಟು ಬಯಲಿನ ಗುಡಿಸಲುಗಳನ್ನು ಸೇರಿದರು, ಪ್ಲೇಗಮ್ಮನಿಗೆ ಗುಡಿಗಳೆದ್ದವು, ಮಲ್ಲೇಶ್ವರ ಬಸವನಗುಡಿಗಳಂಥ ಗಾಳಿಬೆಳಕಿನ ಬಡಾವಣೆಗಳು ಬೆಳೆದವು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯನು ರೋಗವನ್ನು ಇಲಿಯಿಂದ ಇಲಿಗೆ ಒಯ್ಯುವುದು ಚಿಗಟವೆಂದು ಪ್ರಯೋಗದಿಂದ ತೋರಿಸಿದರೂ ಪಂಡಿತರು ಹಲವು ವರ್ಷ ನಂಬಲಿಲ್ಲ. ಇಷ್ಟು ಸಣ್ಣ ಪ್ರಾಣಿಯಿಂದ ಅಷ್ಟು ದೊಡ್ಡ ಮಾರಿಯೆಂದರೆ ವಿದ್ವತ್ತಿನ ಘನತೆಗೆ ಕುಂದೆಂದು ತೋರಿತೋ ಏನೋ.

ನಮ್ಮ ಮನೆಯಲ್ಲಿ ಗೋಣಿತಾಟು ಕುದಿನೀರನ್ನು ಕಂಡಿತು, ಬಿಸಿಲನ್ನು ಕಂಡಿತು. ಮೂಲೆಮೂಲೆಯೂ ಪೊರಕೆಗೆ ಸಿಕ್ಕಿತು. ಡಾಕ್ಟರು ಕೊಟ್ಟ ಔಷಧವನ್ನು ತಿಂಗಳು ತಪ್ಪದೆ ಹಾಕಿದೆವು. ಬಾಲದ ಬುಡದಲ್ಲಿ ರೋಮ ಮರಳಿತು. ಆದರೆ ಕಾಳನು ಪಾದಗಳನ್ನು ನೆಕ್ಕುವುದು ನಿಲ್ಲಲಿಲ್ಲ. ಅದಕ್ಕೆ ಧೂಳಿನ ನುಸಿಯೋ ಹೂವಿನ ಪರಾಗವೋ ತಿನ್ನುವ ಆಹಾರವೋ ಕಾರಣವಿರಬಹುದೆಂದು ಡಾಕ್ಟರು ಒಂದೊಂದನ್ನೇ ಪರೀಕ್ಷಿಸುತ್ತಿದ್ದಾರೆ. ತುರಿಕೆಯೆಲ್ಲ ಚಿಗಟದ್ದೇ ಅಲ್ಲ.

ನಾಯಿಯ ಮೇಲೆ ಅತಿ ಸಾಮಾನ್ಯವಾಗಿ ಕಾಣುವ ಚಿಗಟ ಶಾಸ್ತ್ರದ ಲೆಕ್ಕದಲ್ಲಿ ಬೆಕ್ಕಿನ ಚಿಗಟವಾದ್ದರಿಂದ, ನಾಯಿಯ ಜೊತೆಗೆ ಬೆಕ್ಕನ್ನೂ ಸಾಕಿರುವ ವಾಚಕರು ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಮಾಡಿಸಬೇಕು. ಆದರೆ ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆರೆತ ಔಷಧವನ್ನು ಬೆಕ್ಕಿಗೆ ದಯವಿಟ್ಟು ಸೋಕಿಸಬೇಡಿರಿ, ಅದು ಬೆಕ್ಕನ್ನು ಕೊಲ್ಲುವಷ್ಟು ವಿಷ.