ಪಥ್ಯವೆಂದರೆ ಉಪವಾಸವಲ್ಲ

ದಾರಿಯನ್ನು ಬಿಟ್ಟು ಹೋಗದಿರುವುದು ಯಾವುದೋ ಅದು ಪಥ್ಯವೆಂದು ವೈಯಾಕರಣರು ಅರ್ಥ ಹೇಳುತ್ತಾರೆ. ನಮ್ಮ ಗೃಹಗಳಲ್ಲಾದರೋ ಆ ಮಾತಿಗೆ ‘ಬಿಡುವುದು’ ಎಂಬ ಅರ್ಥವೊಂದೇ ಉಳಿದಿದೆ. ಹುಳಿ ಬಿಡಬೇಕು, ಖಾರ ಬಿಡಬೇಕು, ಬೇಳೆ ಬಿಡಬೇಕು. ಕಡೆಗೆ ಊಟವನ್ನೇ ಬಿಡಬೇಕು. ಇದರ ಫಲವನ್ನು ನಾನು ನಮ್ಮ ಎರಡನೆಯ ಸೊಸೆಯಲ್ಲಿ ಕಂಡೆನು.

ಆಕೆಗೆ ಬಂದುದು ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್. ಇದಕ್ಕೆ ದಾಯಾದಿಯಾದ ಇನ್ನೊಂದು ವ್ಯಾಧಿಯುಂಟು; ಅದು ಅನ್ನಮಾರ್ಗದ ಯಾವ ಭಾಗದಲ್ಲಾದರೂ ತೋರಬಲ್ಲುದು. ಅಮೆರಿಕದ ವೈದ್ಯರಾದ ಕ್ರೋನರು ಇಬ್ಬರು ಸಹೋದ್ಯೋಗಿಗಳೊಡನೆ 1932ರಲ್ಲಿ ಅದನ್ನು ವಿವರಿಸಿ ಬರೆದುದರಿಂದ ಕ್ರೋನ್ಸ್ ರೋಗವೆಂದು ಹೆಸರಾಯಿತು. ದೇಹವನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುವುದು ಎರಡರಲ್ಲಿಯೂ ಸಮಾನ. ಒಂದು ಹಿಡಿ ಮೆಣಸಿನಕಾಯಿಂದ ಇವು ಬರುವುದಿಲ್ಲ; ಮೆಣಸಿನಕಾಯಿ ಬಿಟ್ಟ ಮಾತ್ರಕ್ಕೆ ಹೋಗುವುದೂ ಇಲ್ಲ.

ಆದರೆ ಬಂಧುಗಳ ಬಾಯಿಗೆ ಬೀಗವೆಲ್ಲಿ? ಒಬ್ಬರಿಗೆ ಹಾಲು ವಿಷ, ಮತ್ತೊಬ್ಬರಿಗೆ ಗೋಧಿ ವಿಷ. ಗಂಜಿಯ ಹೊರತು ಏನೂ ಕೂಡದೆಂದು ಮೂರನೆಯವರು. ನಾಲ್ಕು ತಿಂಗಳಲ್ಲಿ ಆಕೆ 9 ಕಿಲೋ ಇಳಿದಳು, ರಕ್ತವೂ ಕಡಮೆಯಾಯಿತು. “ಮಾವ, ಏನು ತಿಂದರೂ ಹೆದರಿಕೆ. ತಿನ್ನದೆ ಇದ್ದರೇ ನೆಮ್ಮದಿ” ಎಂದು ಒಂದು ಸಂಜೆ ಹೇಳಿದಾಗ ನನಗೆ ರೋಗಕ್ಕಿಂತಲೂ ಆ ಮಾತು ಭಯವನ್ನು ತಂದಿತು.

ಆಹಾರಶಾಸ್ತ್ರವನ್ನು ಓದಿದ ಒಬ್ಬ ತರುಣಿ ದಾರಿ ತೋರಿಸಿದಳು. ರೋಗ ಕೆರಳಿದಾಗಿನ ಊಟ ಬೇರೆ, ತಣಿದಾಗಿನದು ಬೇರೆ. ಕೆರಳಿದ್ದಾಗ ಮೆತ್ತಗಿನ ಅನ್ನ, ಹೆಸರುಬೇಳೆಯ ಕಟ್ಟು, ಇಡ್ಲಿ, ಸಿಪ್ಪೆ ಬೀಜ ತೆಗೆದು ಬೇಯಿಸಿದ ಸೋರೆಕಾಯಿ. ಇವನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ. ಹಸಿ ಕೋಸಂಬರಿ, ನಾರಿನ ಸೊಪ್ಪು ಆಗ ಬೇಡ. ತಣಿದ ಮೇಲೆ ಅವು ಒಂದೊಂದಾಗಿ ಎಲೆಗೆ ಮರಳಿ ಬರತಕ್ಕವು. ನಾರು ಕರುಳಿಗೆ ನಿತ್ಯವೈರಿಯಲ್ಲ. (ಕ್ರೋನ್ಸ್ ರೋಗದಿಂದ ಕರುಳು ಕಿರಿದಾದವರ ಮಾತು ಬೇರೆ, ಅವರು ವೈದ್ಯರನ್ನು ಕೇಳಿಯೇ ನಾರನ್ನು ತಿನ್ನಬೇಕು.) ಹಾಲು ಒಗ್ಗದಿದ್ದರೆ ಮಾತ್ರ ಬಿಡುವುದು. ಹಾಲು ಒಗ್ಗದ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ.

ಚರಕಸಂಹಿತೆಯ ಗ್ರಹಣೀಚಿಕಿತ್ಸೆಯಲ್ಲಿ ಮಜ್ಜಿಗೆಗೆ ಹಿರಿಯ ಸ್ಥಾನವಿದೆಯೆಂದು ನಾನು ಸಂತೋಷದಿಂದ ಹೇಳಬಲ್ಲೆ. ಅಷ್ಟರಿಂದಲೇ ಗ್ರಹಣಿಯೂ ಈ ವ್ಯಾಧಿಯೂ ಒಂದೆಂದು ಸಾಧಿಸಿ, ಗುಳಿಗೆಯನ್ನು ಕಸಕ್ಕೆ ಎಸೆಯಿರೆನ್ನುವವರ ಪಾಂಡಿತ್ಯ ನನಗೆ ಬೇಡ.

ಆಹಾರವೇ ಔಷಧವಾಗುವ ಸಂದರ್ಭವೂ ಒಂದುಂಟು. ಕ್ರೋನ್ಸ್ ರೋಗದ ಮಕ್ಕಳಿಗೆ ಆರರಿಂದ ಎಂಟು ವಾರ ಬೇರೆ ಊಟವಿಲ್ಲದೆ, ಸಕಲ ಪೋಷಕಾಂಶಗಳೂ ಕೂಡಿದ ದ್ರವಾಹಾರವನ್ನೇ ಕೊಟ್ಟು ಉರಿಯೂತವನ್ನು ತಣಿಸುತ್ತಾರೆ. ಸ್ಟೆರಾಯ್ಡಿನ ಕಾಟ ಅದರಿಂದ ತಪ್ಪುತ್ತದೆ. ಆದರೆ ಅದು ವೈದ್ಯರ ಕಣ್ಣೆದುರಿನ ಚಿಕಿತ್ಸೆ, ಮನೆಯ ಗಂಜಿಯಲ್ಲ. ನಮ್ಮ ಸೊಸೆಯ ವ್ಯಾಧಿಗೆ ಅದು ಸಲ್ಲುವುದೂ ಇಲ್ಲ.

ಆಕೆ ಈಗ ಒಂದು ಪುಸ್ತಕದಲ್ಲಿ ದಿನದ ಊಟವನ್ನೂ ಹೊಟ್ಟೆಯ ಸ್ಥಿತಿಯನ್ನೂ ಬರೆದಿಡುತ್ತಾಳೆ. ಹೀರೆಕಾಯಿ ಒಗ್ಗಿತು, ಹುರಿದ ಕಡಲೆಬೀಜ ಒಗ್ಗಲಿಲ್ಲ, ಬದನೆಕಾಯಿಯ ವಿಚಾರಣೆ ಇನ್ನೂ ನಡೆಯುತ್ತಿದೆ. ಗುಳಿಗೆ ತಪ್ಪಿಲ್ಲ. ಹೋದ ತೂಕದಲ್ಲಿ 6 ಕಿಲೋ ಮರಳಿದೆ. ಬಂಧುಗಳು ಬಂದರೆ ನಾನು ಮೊದಲು ಆ ಪುಸ್ತಕವನ್ನೇ ಅವರ ಕೈಗೆ ಕೊಡುತ್ತೇನೆ.