ಒದ್ದೆ ಮೂಗಿನ ಸಮಾಚಾರ

ಸೊಪ್ಪಿನ ಅಜ್ಜಿ ಬುಟ್ಟಿ ಇಳಿಸಿದವಳು ದಂಟಿನ ಕಟ್ಟು ತೆಗೆಯುವ ಬದಲು, ತನ್ನ ಕೂಗಿಗೆ ಎದ್ದು ಮೈಮುರಿಯುತ್ತ ಬಂದಿದ್ದ ನಮ್ಮ ಕೆಂಚನ ಮೂಗು ಮುಟ್ಟಿ ನೋಡಿದಳು. "ಇದ್ಯಾಕವ್ವಾ, ನಾಯಿ ಮೂಗು ಒಣಗ್‌ಬುಟ್ಟೈತೆ? ಜ್ವರ ಇರ್ಬೇಕು, ತೋರ್ಸಿ" ಎಂದಳು. ಚೌಕಾಸಿಗೆಂದು ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ. ಕೇಳಿದಷ್ಟು ಕೊಟ್ಟೆ. ಅರ್ಧ ಗಂಟೆಯಲ್ಲಿ ನಾನೂ ಕೆಂಚನೂ ಆಟೋದಲ್ಲಿದ್ದೆವು.

ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವಳು ನಾನು. ಹಾಗಿದ್ದೂ ಹೆದರಿದ್ದೇಕೆ ಅಂದರೆ, ಅಜ್ಜಿಯ ಮಾತು ನನ್ನ ತಾತನದೂ ಆಗಿತ್ತು. ತಾತ ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋಗಿ ಒಂದೊಂದೇ ದನದ ಮೂತಿಯನ್ನು ಹಿಂಗೈಯಿಂದ ಮುಟ್ಟಿಕೊಂಡು ಬರುತ್ತಿದ್ದರು. ಹನಿಯೊಡೆದಿದ್ದರೆ ಮುಂದಕ್ಕೆ. ಒಣಗಿದ್ದರೆ ಅಲ್ಲೇ ನಿಂತು, ಕಿವಿ ಹಿಡಿದು ಬಿಸಿ ನೋಡಿ, "ಇದಕ್ಕೆ ಇವತ್ತು ನೊಗ ಕಟ್ಟಬೇಡ" ಎನ್ನುವರು. ಕೊಟ್ಟಿಗೆ ಬಾಗಿಲಲ್ಲಿ ಸುರುಳಿಯಾಗಿ ಮಲಗಿದ್ದ ನಾಯಿಗೂ ಹೊರಬರುವಾಗ ಅದೇ ಕೈ, ಅದೇ ಪರೀಕ್ಷೆ. ಆ ನಾಯಿ ಹದಿನಾಲ್ಕು ವರ್ಷ ಬದುಕಿತು. ಶಾಸ್ತ್ರದ ಮೇಲೆ ನಮಗೆ ಅನುಮಾನ ಬರುವುದಾದರೂ ಹೇಗೆ?

ಕ್ಲಿನಿಕ್ಕಿನ ಬೆಂಚಿನಲ್ಲಿ ನಮಗಿಂತ ಮುಂದೆ ಏಳು ನಾಯಿ, ಒಂದು ಗಿಳಿ. ಕೂತಲ್ಲಿ ನನಗೆ ಸ್ಟೆನೋ ನೆನಪಾದ.

ಮೂಗಿನಲ್ಲಿ ಇಳಿಯುವ ನೀರು ಮಿದುಳಿನಿಂದ ಬರುತ್ತದೆ ಎಂದು ಯುರೋಪಿನ ವೈದ್ಯರು ಶತಮಾನಗಟ್ಟಲೆ ನಂಬಿದ್ದರು. ನಗಬೇಡಿ. ನೆಗಡಿಯಾದರೆ "ತಲೇಲಿ ನೀರು ಸೇರ್ಕೊಂಡಿದೆ" ಎಂದು ನಾವು ಇವತ್ತಿಗೂ ಅನ್ನುತ್ತೇವೆ. ಈ ನಂಬಿಕೆಯನ್ನು ಅಲ್ಲಾಡಿಸಿದವರು ಹಲವರು; ಅವರಲ್ಲಿ ನನಗೆ ಬೇಕಾದವನು ಕೋಪನ್‌ಹೇಗನ್ನಿನ ಅಕ್ಕಸಾಲಿಗನೊಬ್ಬನ ಮಗ, 1638ರಲ್ಲಿ ಹುಟ್ಟಿದ ನೀಲ್ಸ್ ಸ್ಟೆನ್ಸನ್. ಲ್ಯಾಟಿನ್ನಿನಲ್ಲಿ ಸ್ಟೆನೋ. 1660ರಲ್ಲಿ, ಇನ್ನೂ ಇಪ್ಪತ್ತೆರಡರ ಹುಡುಗ, ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಕುರಿ ತಲೆ ತಂದು ಕೊಯ್ಯುತ್ತ ಕೂತ. ಕೆನ್ನೆಯ ಬಳಿ ಕಂಡ ಒಂದು ನಾಳದೊಳಕ್ಕೆ ಸಣ್ಣ ಕಡ್ಡಿ ತೂರಿಸಿದ. ಕಡ್ಡಿ ಸಲೀಸಾಗಿ ಹೋಗಿ ಹಲ್ಲಿಗೆ ತಾಗಿ ಟಣ್ ಎಂದಿತು. ಜೊಲ್ಲು ಬಾಯಿಗೆ ಬರುವ ದಾರಿ ಅದು! ಅಪ್ಪನ ಅಂಗಡಿಯಲ್ಲಿ ಚಿನ್ನದ ಸೂಕ್ಷ್ಮ ಕೆಲಸ ನೋಡಿ ಬೆಳೆದ ಕೈಗಲ್ಲದೆ ಇದು ಸಿಕ್ಕುತ್ತಿರಲಿಲ್ಲ ಎಂದು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಪಠ್ಯದಲ್ಲಿ ಹಾಗೇನೂ ಇರಲಿಲ್ಲ.

ಅವನಿಗೆ ಪಾಠ ಹೇಳುತ್ತಿದ್ದ ಬ್ಲಾಸಿಯಸ್ "ಅದನ್ನು ಕಂಡುಹಿಡಿದವನು ನಾನು" ಎಂದುಬಿಟ್ಟ. ಹುಡುಗನಿಗೆ ಹಟ ಹತ್ತಿತು. ಲೈಡನ್ನಿಗೆ ಹೋಗಿ ಕಣ್ಣು, ಬಾಯಿ, ಮೂಗು ಒಂದನ್ನೂ ಬಿಡದೆ ಗ್ರಂಥಿಗಳನ್ನು ಹುಡುಕಿ 1662ರಲ್ಲಿ ಪುಸ್ತಕ ಮಾಡಿದ. ಕಣ್ಣೀರು ಬರುವುದು ಮಿದುಳಿನಿಂದಲ್ಲ, ಕಣ್ಣಿನ ಗ್ರಂಥಿಯಿಂದ. ಇರುವುದು ಕಣ್ಣು ಒಣಗದಿರಲೆಂದು ಎಂದ. ಕವಿಗಳಿಗೆ ಬೇಸರವಾಗಿರಬೇಕು. ನಾಯಿಯ ಮೂಗಿನ ಒಳಗೆ ಎಡಕ್ಕೊಂದು ಬಲಕ್ಕೊಂದು ಇರುವ ಗ್ರಂಥಿಗೆ ಇವತ್ತಿಗೂ ಸ್ಟೆನೋನ ಹೆಸರುಂಟು. ಮುಂದೆ ಅವನು ಶಾರ್ಕಿನ ಹಲ್ಲು ಹಿಡಿದು ಬಂಡೆಯ ಪದರಗಳ ಲೆಕ್ಕಕ್ಕೆ ಹೋದ, ಬಿಷಪ್ಪನಾದ, ಬಡವನಾಗಿ 1686ರಲ್ಲಿ ತೀರಿಕೊಂಡ. ಭೂವಿಜ್ಞಾನದವರು ಅವನನ್ನು ತಮ್ಮವನು ಎನ್ನುತ್ತಾರೆ. ಅನ್ನಲಿ. ನನಗೆ ಅವನು ನಾಯಿ ಮೂಗಿನವನೇ.

ಆ ಗ್ರಂಥಿ ಮಾಡುವ ಕೆಲಸ ಚೆನ್ನಾಗಿ ಗೊತ್ತಾದದ್ದು ಮುನ್ನೂರು ವರ್ಷ ಕಳೆದ ಮೇಲೆ. ಚಳಿಯಲ್ಲಿ ಅದು ಸುಮ್ಮನಿರುತ್ತದೆ, ಸೆಕೆ ಏರಿದಂತೆ ನೀರು ಸುರಿಸುತ್ತದೆ, ನಾಯಿ ಏದುಸಿರು ಬಿಟ್ಟಾಗ ಆ ನೀರು ಆರಿ ಮೈ ತಂಪಾಗುತ್ತದೆ ಎಂದು 1972ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಮೂಗಿನ ತುದಿಯ ತೇವಕ್ಕೆ ಇನ್ನೊಂದು ಮೂಲ ಯಾವ ಉಪಕರಣವೂ ಇಲ್ಲದೆ ಕಾಣುವಂಥದು: ನಾಲಿಗೆ. ಒದ್ದೆ ಮೂಗಿಗೆ ವಾಸನೆಯ ಕಣ ಚೆನ್ನಾಗಿ ಅಂಟುತ್ತದೆ. ಆರುವಾಗ ಮೂಗು ತಣ್ಣಗಾಗುತ್ತದೆ. ಆ ತಣ್ಣನೆ ಮೂಗಿನಿಂದ ನಾಯಿ ದೂರದ ಬಿಸಿಯನ್ನೂ ತಿಳಿಯಬಲ್ಲದು ಎಂದು ಸ್ವೀಡನ್ನಿನವರೂ ಹಂಗೇರಿಯವರೂ ಸೇರಿ 2020ರಲ್ಲಿ ತೋರಿಸಿದರು. ತರಬೇತಾದ ಮೂರು ನಾಯಿಗಳು 1.6 ಮೀಟರ್ ಆಚೆಯಿಂದ ಬೆಚ್ಚಗಿನ ಫಲಕ ಯಾವುದೆಂದು ಆರಿಸಿದವಂತೆ. ಚಳಿಗಾಲದಲ್ಲಿ ಮೂರು ಕುರ್ಚಿಗಳಲ್ಲಿ ನಾನು ಈಗಷ್ಟೇ ಎದ್ದದ್ದು ಯಾವುದರಿಂದ ಎಂದು ಕೆಂಚನಿಗೆ ತಿಳಿಯುವುದು ಹೇಗೆ ಎಂಬ ನನ್ನ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಂಡಿದ್ದೇನೆ.

ಗಿಳಿಯ ಸರದಿ ಮುಗಿಯಿತು. ಮೂಗು ಒಣಗಿದೆ ಎಂದು ನಾನು ಹೇಳಿದರೆ ಡಾಕ್ಟರು ಮೂಗಿನ ಕಡೆ ನೋಡಲೂ ಇಲ್ಲ, ನೇರ ಬಾಲ ಎತ್ತಿ ಥರ್ಮಾಮೀಟರ್ ಇಟ್ಟರು. ಕೆಂಚ ನನ್ನ ಮುಖ ನೋಡಿದ. ಆ ನೋಟ ಇಲ್ಲಿ ಬರೆಯುವಂಥದಲ್ಲ.

"ಮಲಗೆದ್ದ ನಾಯಿ ಮೂಗು ಒಣಗಿರೋದೇ ಮೇಡಂ. ನಿದ್ದೇಲಿ ಯಾರು ಮೂಗು ನೆಕ್ತಾ ಇರ್ತಾರೆ?" ಎಂದರು ಡಾಕ್ಟರು. ತಾತನ ಪರೀಕ್ಷೆ ಹೇಳಿದೆ. ನಕ್ಕರು. "ಅದು ದನಕ್ಕೆ ಸರಿ" ಎಂದರು. ದನದ ಮೂತಿಯ ಚರ್ಮದಡಿ ಗ್ರಂಥಿಗಳೇ ತುಂಬಿವೆ. ಆರೋಗ್ಯವಾಗಿದ್ದರೆ ಬೆವರಿದಂತೆ ಹನಿಯುತ್ತದೆ, ಜ್ವರ ಬಂದರೆ ಒಣಗುತ್ತದೆ. ನಾಯಿಯ ಮೂಗಿನ ತುದಿಯಲ್ಲಿ ಅವಿಲ್ಲ. ಮೂಗು ಒದ್ದೆಯಿದ್ದೇ ಜ್ವರ ಬರಬಹುದು, ಒಣಗಿದ್ದೂ ನಾಯಿ ಗುಂಡುಕಲ್ಲಿನ ಹಾಗಿರಬಹುದು. ಕೊಟ್ಟಿಗೆಯ ಕಾನೂನನ್ನು ತಾತ ಬಾಗಿಲವರೆಗೂ ತಂದುಬಿಟ್ಟಿದ್ದರು, ಅಷ್ಟೆ. ನಾಯಿಯನ್ನು ನಾವೆಲ್ಲ ತೋರಿಸುವುದು "ದನದ ಡಾಕ್ಟರಿಗೆ" ಅಲ್ಲವೆ?

ಮೂಗು ಬಿರಿದಿದ್ದರೆ, ಹುಣ್ಣಾಗಿದ್ದರೆ, ಗಟ್ಟಿ ಸಿಂಬಳವೋ ರಕ್ತವೋ ಬಂದರೆ, ಊಟ ಬಿಟ್ಟರೆ ತಡಮಾಡದೆ ಬನ್ನಿ ಎಂದರು. ಡಿಸ್ಟೆಂಪರ್ ಬಂದ ನಾಯಿಗೆ ಮೂಗೂ ಅಂಗಾಲೂ ದಪ್ಪವಾಗಿ ಗಡುಸಾಗುವುದುಂಟು. ಅದಕ್ಕೆ ಲಸಿಕೆ ಇದೆ, ಹಾಕಿಸಿ.

ಅವರು ಚೀಟಿ ಬರೆಯುವಷ್ಟರಲ್ಲಿ ಕೆಂಚ ಎರಡು ಸಲ ಮೂಗು ನೆಕ್ಕಿಕೊಂಡು ನನ್ನ ಮೊಣಕಾಲಿಗೆ ಒತ್ತಿದ. ಸೀರೆಯಾಚೆಯಿಂದಲೂ ತಣ್ಣಗಿತ್ತು. ಚೀಟಿಯಲ್ಲಿ 101.6 ಎಂದಿತ್ತು. ನಾಯಿಗೆ ಅದು ಜ್ವರವಲ್ಲ.