ಸೀನಿಗೆ ಸೂಜಿ

ಮನೆಯಿಂದ ಹೊರಡುವ ಹೊತ್ತಿಗೆ ಯಾರಾದರೂ ಸೀನಿದರೆ ಹಿರಿಯರು ‘ಎರಡು ನಿಮಿಷ ಕೂತು, ಒಂದು ಗುಟುಕು ನೀರು ಕುಡಿದು ಹೋಗು’ ಎನ್ನುವುದುಂಟು. ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ಅಡ್ಡಿಯಿಲ್ಲ ಎಂಬುದು ಲೆಕ್ಕ. ಆದರೆ ಹಾಸಿಗೆಯಿಂದ ಏಳುತ್ತಲೇ ಒಂದೇ ಸಮನೆ ಹದಿನೈದು ಇಪ್ಪತ್ತು ಸಲ ಸೀನುವ ಹುಡುಗನ ಬಗ್ಗೆ ಯಾವ ಶಕುನಶಾಸ್ತ್ರವೂ ಏನನ್ನೂ ಹೇಳಿಲ್ಲ. ಅವನು ಮೂಗು ಸೋರುತ್ತಲೇ ಹಲ್ಲುಜ್ಜುತ್ತಾನೆ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ತಿಕ್ಕುತ್ತಾನೆ. (ಈ ತಿಕ್ಕಾಟಕ್ಕೆ ವೈದ್ಯರು ‘ಅಲರ್ಜಿಯ ಸೆಲ್ಯೂಟ್’ ಎಂದೇ ಹೆಸರಿಟ್ಟಿದ್ದಾರೆ!) ಆಮೇಲೆ ಬಾಯಿಂದ ಉಸಿರಾಡುತ್ತ ಪುಸ್ತಕ ತೆರೆಯುತ್ತಾನೆ. ‘ಇದೇನು ಮಗಾ, ವರ್ಷವಿಡೀ ನೆಗಡಿ?’ ಎಂದು ಅಜ್ಜಿ ಕರಿಮೆಣಸಿನ ಕಷಾಯ ಮಾಡುತ್ತಾರೆ. ತಲೆಗೆ ನೀರು ಹಾಕಿಕೊಂಡು ಸರಿಯಾಗಿ ಒರೆಸಿಕೊಳ್ಳುವುದಿಲ್ಲ ಎಂದು ಅಪ್ಪ ಬೈಯುತ್ತಾರೆ.

ಆದರೆ ಇದು ನೆಗಡಿಯಲ್ಲ. ಜ್ವರವಿಲ್ಲ, ಮೈಕೈ ನೋವಿಲ್ಲ, ವಾರದಲ್ಲಿ ಮುಗಿಯುವುದೂ ಇಲ್ಲ. ಹಾಸಿಗೆ ದಿಂಬುಗಳಲ್ಲಿರುವ ಕಣ್ಣಿಗೆ ಕಾಣದ ಧೂಳಿನ ನುಸಿ, ಜಿರಲೆಯ ಪುಡಿ, ಬೂಷ್ಟು, ಖಾಲಿ ಸೈಟುಗಳಲ್ಲಿ ಬೆಳೆದು ನಿಂತ ಪಾರ್ಥೇನಿಯಂನ ಪರಾಗ – ಇಂಥ ನಿರುಪದ್ರವಿ ವಸ್ತುಗಳನ್ನು ಕೆಲವರ ದೇಹ ಶತ್ರುವೆಂದು ಬಗೆಯುತ್ತದೆ. ಅವು ಮೂಗಿನೊಳಗೆ ಬಂದಾಗ ಹಿಸ್ಟಮಿನ್ ಎಂಬ ರಾಸಾಯನಿಕ ಹೊಮ್ಮುತ್ತದೆ. ತುರಿಕೆ, ಸೀನು, ನೀರು, ಕಟ್ಟಿದ ಮೂಗು ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಪ್ರಾಣಕ್ಕೇನೂ ಅಪಾಯವಿಲ್ಲವಲ್ಲ ಎಂದು ಮನೆಯವರು ಇದನ್ನು ಹಗುರಾಗಿ ಕಾಣುವುದೇ ಹೆಚ್ಚು. ವಿದ್ಯಾರ್ಥಿಯ ಮಟ್ಟಿಗೆ ಅದು ಹಗುರಲ್ಲ. ಮೂಗು ಕಟ್ಟಿದವನಿಗೆ ರಾತ್ರಿ ನಿದ್ದೆ ಕೆಡುತ್ತದೆ. ಮಾತ್ರೆ ನುಂಗಿದರೆ ಹಗಲು ನಿದ್ದೆ ಎಳೆಯುತ್ತದೆ. ಬ್ರಿಟನ್ನಿನಲ್ಲಿ ಹದಿನೈದರಿಂದ ಹದಿನೇಳು ವಯಸ್ಸಿನ 1,800ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಪರಾಗದ ಕಾಲದಲ್ಲಿ ಬರುವ ಅಂತಿಮ ಪರೀಕ್ಷೆಯ ಹೊತ್ತಿಗೆ ಮೂಗಿನ ಅಲರ್ಜಿಯಿಂದ ನರಳುತ್ತಿದ್ದವರು, ಚಳಿಗಾಲದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪಡೆದಿದ್ದ ಶ್ರೇಣಿಯಿಂದ ಕೆಳಗಿಳಿಯುವ ಸಂಭವ ಶೇಕಡ 40ರಷ್ಟು ಹೆಚ್ಚಾಗಿತ್ತು. ಮಂಪರು ತರುವ ಹಳೆಯ ಬಗೆಯ ಮಾತ್ರೆ ನುಂಗಿದ್ದವರಲ್ಲಿ ಅದು ಶೇಕಡ 70. ‘ಅಮ್ಮಾ, ಆ ಮಾತ್ರೆ ಬೇಡ, ಓದೋಕೇ ಆಗಲ್ಲ’ ಎನ್ನುವ ಮಗ ನೆಪ ಹೇಳುತ್ತಿಲ್ಲ ಎಂದಾಯಿತು.

ಸೂಜಿಯ ಮಾತು ಮನೆಯೊಳಗೆ ಬರುವುದು ಇಂಥ ಹೊತ್ತಿನಲ್ಲೇ. ಪಕ್ಕದ ಬೀದಿಯ ಯಾರಿಗೋ ವಾಸಿಯಾಯಿತಂತೆ, ಮಾತ್ರೆಯೇ ಬೇಡವಂತೆ.

ಅಕ್ಯುಪಂಕ್ಚರ್ ಚೀನೀಯರ ಪ್ರಾಚೀನ ವಿದ್ಯೆ. ನಮ್ಮ ದೇಶಕ್ಕೆ ಅದು ಬಂದ ಬಗೆಯಲ್ಲಿ ಒಂದು ಸ್ನೇಹದ ಕಥೆಯಿದೆ. ಜಪಾನಿನೊಡನೆ ಯುದ್ಧದಲ್ಲಿದ್ದ ಚೀನಾಕ್ಕೆ 1938ರಲ್ಲಿ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಅವರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅಲ್ಲೇ 1942ರಲ್ಲಿ ತೀರಿಕೊಂಡರು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ, ಸೂಜಿ ವಿದ್ಯೆ ಕಲಿತು, ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಕೇಂದ್ರ ಸರ್ಕಾರ 2019ರಲ್ಲಿ ಇದಕ್ಕೆ ಸ್ವತಂತ್ರ ಚಿಕಿತ್ಸಾ ಪದ್ಧತಿಯ ಮಾನ್ಯತೆ ಕೊಟ್ಟಿತು.

ಸೂಜಿ ಎಂದೊಡನೆ ಮಕ್ಕಳು ಹೆದರುತ್ತಾರೆ. ಇದು ಇಂಜೆಕ್ಷನ್ ಸೂಜಿಯಲ್ಲ. ಇದಕ್ಕೆ ತೂತಿಲ್ಲ, ಔಷಧಿ ಒಳಹೋಗುವುದಿಲ್ಲ. ದಪ್ಪ ಕೂದಲಿಗಿಂತ ತುಸು ಹೆಚ್ಚು, ಅಷ್ಟೆ. ಮೂಗಿನ ಹೊಳ್ಳೆಗಳ ಪಕ್ಕ, ಹುಬ್ಬುಗಳ ನಡುವೆ, ಹೆಬ್ಬೆರಳು ತೋರುಬೆರಳುಗಳ ಸಂದಿನಲ್ಲಿ ಚುಚ್ಚಿ ಇಪ್ಪತ್ತು–ಮೂವತ್ತು ನಿಮಿಷ ಬಿಡುತ್ತಾರೆ. ಇರುವೆ ಕಚ್ಚಿದಂಥ ಚುಚ್ಚು, ಆಮೇಲೆ ಆ ಜಾಗದಲ್ಲಿ ಒಂದು ಬಗೆಯ ಜೋಮು. ಹೊಳ್ಳೆಯ ಪಕ್ಕದ ಬಿಂದುವಿಗೆ ಚೀನೀಯರು ಇಟ್ಟ ಹೆಸರು ಯಿಂಗ್‌ಶಿಯಾಂಗ್, ಅಂದರೆ ಪರಿಮಳವನ್ನು ಎದುರುಗೊಳ್ಳುವುದು. ತಿಂಗಳುಗಟ್ಟಲೆ ಒಗ್ಗರಣೆಯ ವಾಸನೆಯನ್ನೇ ಕಾಣದ ಮೂಗಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ.

ಹೆಸರೇನೋ ಚೆಂದ. ಗುಣವಾಗುತ್ತದೆಯೇ? ಜರ್ಮನಿಯ ವೈದ್ಯರು ಪರಾಗದ ಅಲರ್ಜಿಯಿದ್ದ 422 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರಗಳಲ್ಲಿ ಹನ್ನೆರಡು ಸಲ ನಿಜವಾದ ಸೂಜಿ ಚಿಕಿತ್ಸೆ. ಇನ್ನೊಂದಕ್ಕೆ ಬಿಂದುವಲ್ಲದ ಜಾಗದಲ್ಲಿ ಮೇಲುಮೇಲಕ್ಕೆ ಚುಚ್ಚುವ ತೋರಿಕೆಯ ಸೂಜಿ. ಮೂರನೆಯದಕ್ಕೆ ಸೂಜಿಯೇ ಇಲ್ಲ. ಬೇಕೆನಿಸಿದಾಗ ಸೆಟಿರಿಜಿನ್ ಮಾತ್ರೆ ನುಂಗಲು ಎಲ್ಲರಿಗೂ ಅನುಮತಿಯಿತ್ತು. 2013ರಲ್ಲಿ ಬಂದ ಫಲಿತಾಂಶ ಇದು: ಎಂಟು ವಾರಗಳ ಕೊನೆಗೆ ನಿಜವಾದ ಸೂಜಿಯವರು ಉಳಿದಿಬ್ಬರಿಗಿಂತ ಸುಖವಾಗಿದ್ದರು, ಮಾತ್ರೆಯನ್ನೂ ಕಡಿಮೆ ನುಂಗಿದ್ದರು. ಆದರೆ ತೋರಿಕೆಯ ಸೂಜಿಯವರಿಗೂ ಅವರಿಗೂ ಅಂತರ ಚಿಕ್ಕದು. ಹದಿನಾರನೆಯ ವಾರಕ್ಕೆ ಅದೂ ಅಳಿಸಿಹೋಯಿತು. ಹಾಂಕಾಂಗಿನಲ್ಲಿ 72 ಮಕ್ಕಳ ಮೇಲೆ ನಡೆದು 2004ರಲ್ಲಿ ವರದಿಯಾದ ಅಧ್ಯಯನದಲ್ಲೂ ಸೂಜಿಯಿಂದ ಸೀನು ಸೋರಿಕೆಗಳು ಕಡಿಮೆಯಾದವು. ರಕ್ತದಲ್ಲಿನ ಅಲರ್ಜಿಯ ಸೂಚಕಗಳು ಮಾತ್ರ ಗಮನಾರ್ಹವಾಗಿ ಬದಲಾಗಲಿಲ್ಲ.

ಸೂಜಿ ಕೆಲವರಿಗೆ ಕೆಲವು ಕಾಲ ಆರಾಮ ಕೊಡಬಲ್ಲದು. ಅಲರ್ಜಿಯನ್ನು ಬುಡಸಹಿತ ಕೀಳುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘವೂ 2015ರ ತನ್ನ ಮಾರ್ಗದರ್ಶಿಯಲ್ಲಿ, ಔಷಧಿಯಿಲ್ಲದ ಚಿಕಿತ್ಸೆ ಬಯಸುವವರಿಗೆ ಇದನ್ನು ‘ಸೂಚಿಸಬಹುದು’ ಎಂದಿತೇ ಹೊರತು ಸೂಚಿಸಲೇಬೇಕು ಎನ್ನಲಿಲ್ಲ.

ಹೀಗಿರುವಾಗ ‘ಪೂರ್ತಿ ಗುಣ, ಗ್ಯಾರಂಟಿ’ ಎಂದು ಬೋರ್ಡು ತೂಗುಹಾಕಿದವರ ಮೆಟ್ಟಿಲು ಹತ್ತದಿರುವುದೇ ಲೇಸು. ಪ್ರತಿ ಸಲವೂ ಕಣ್ಣೆದುರೇ ಹೊಸ ಸೂಜಿಯ ಪ್ಯಾಕೆಟ್ ಒಡೆಯಬೇಕು. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಕಾಮಾಲೆ ತರುವ ಹೆಪಟೈಟಿಸ್-ಬಿ ಅಂಟಬಹುದು. ಇನ್ನೂ ಮುಖ್ಯವಾದದ್ದು ಉಬ್ಬಸ. ಮೂಗಿನ ಅಲರ್ಜಿ ಇರುವ ಎಷ್ಟೋ ಮಕ್ಕಳಿಗೆ ಅದೂ ಜೊತೆಯಲ್ಲಿರುತ್ತದೆ. ಸೂಜಿ ಹಾಕಿಸಿಕೊಳ್ಳುತ್ತಿದ್ದೇವಲ್ಲ ಎಂದು ಇನ್‌ಹೇಲರ್ ನಿಲ್ಲಿಸಿದರೆ ಮಗುವಿನ ಪ್ರಾಣಕ್ಕೇ ಕುತ್ತು ಬರಬಹುದು. ‘ಔಷಧಿಯೆಲ್ಲ ಬಿಟ್ಟು ಬನ್ನಿ’ ಎನ್ನುವವರನ್ನೇ ಬಿಟ್ಟು ಬರುವುದು ಜಾಣತನ.

ಮಂಪರು ಅಷ್ಟಾಗಿ ತರದ ಹೊಸ ಮಾತ್ರೆಗಳಿವೆ, ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸ್ಪ್ರೇ ಇದೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಬೆಚ್ಚುವ ತಾಯಂದಿರು ಅದನ್ನು ಎರಡೇ ದಿನ ಹಾಕಿ, ಗುಣವಿಲ್ಲವೆಂದು ಕಪಾಟಿಗೆ ಸೇರಿಸುತ್ತಾರೆ. ಅದು ನಿತ್ಯ ಬಳಸಿದರೆ ಒಂದೆರಡು ವಾರಕ್ಕೆ ಪೂರ್ತಿ ಹಿಡಿತಕ್ಕೆ ಬರುವ ಮದ್ದು. ಅಂಗಡಿಯಿಂದ ತಾವೇ ತಂದು, ಕಟ್ಟಿದ ಮೂಗನ್ನು ಥಟ್ಟನೆ ಬಿಡಿಸುವ ಹನಿಗಳ ಕಥೆ ಬೇರೆ. ಒಂದು ವಾರ ಮೀರಿ ಹಾಕುತ್ತ ಹೋದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದರೆ ನುಸಿಯ ಕಾಟವೂ ತಗ್ಗುತ್ತದೆ.

ಇಷ್ಟಾದ ಮೇಲೂ ಸೂಜಿಯನ್ನು ನೋಡಿಯೇಬಿಡೋಣ ಎನ್ನುವವರು ಮಾರ್ಚಿಯ ಪರೀಕ್ಷೆ ಎದುರಿಗಿಟ್ಟುಕೊಂಡು ಫೆಬ್ರುವರಿಯಲ್ಲಿ ಓಡುವುದಕ್ಕಿಂತ ದಸರಾ ರಜೆಯಲ್ಲೇ ಆರಂಭಿಸುವುದು ಮೇಲು. ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದಿನದ ಸೀನು, ನುಂಗಿದ ಮಾತ್ರೆ, ಕೆಟ್ಟ ನಿದ್ದೆಯ ಲೆಕ್ಕವನ್ನು ಹುಡುಗನೇ ಬರೆಯಲಿ. ಎಂಟು ವಾರಕ್ಕೂ ಆ ಅಂಕಿಗಳು ಇಳಿಯದಿದ್ದರೆ ಒಂಬತ್ತನೆಯ ವಾರದ ಫೀಸು ಕಟ್ಟಬೇಕಾಗಿಲ್ಲ.